ತಡೆಪಟ್ಟಿ ಕಟ್ಟಿದ್ದು ಯಾರು?

ಜನವರಿ 12

ಗಡಿಯಾರ,

ಈ ಹೆಸರು ಹಿಡಿದು ಕರೆಯುವ ಹಕ್ಕು ನನಗೆ ಉಳಿದಿಲ್ಲ. ಆದರೆ ಇಪ್ಪತ್ತೆರಡು ವರ್ಷ ಕರೆದ ಬಾಯಿಗೆ ಬೇರೆ ಹೆಸರು ಹತ್ತುವುದಿಲ್ಲ. ಆಸ್ಪತ್ರೆ ಲಾಂಡ್ರಿಯ ಗೋಡೆ ಗಡಿಯಾರ ಯಾವತ್ತೂ ಹತ್ತು ನಿಮಿಷ ಹಿಂದೆ. ನೀನು ಮಧ್ಯಾಹ್ನ ಕೈಕಾಲು ತೊಳೆಯಲು ಎದ್ದರೆ ನಾವೆಲ್ಲ ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಮೇಲ್ವಿಚಾರಕ ನಾನು, ಆದರೆ ಹೊತ್ತು ಹೇಳುತ್ತಿದ್ದವನು ನೀನು.

ನಿನ್ನ ವಿಳಾಸವನ್ನು ಸ್ಟೋರಿನ ಹಳೇ ಗುಮಾಸ್ತನಿಂದ ಪಡೆದೆ. ಬರೆದುಕೊಟ್ಟು ಮುಖ ಆ ಕಡೆ ತಿರುಗಿಸಿದ.

ಹೋದ ವರ್ಷ ನಿವೃತ್ತನಾದೆ. ನನ್ನವಳ ಬಲಗಣ್ಣಿಗೆ ಪೊರೆ ಬಂದಿದೆ. ಮಗ ಆಸ್ಪತ್ರೆಯ ಬಾಯ್ಲರ್ ವಿಭಾಗದಲ್ಲಿದ್ದಾನೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ, ನೀನು ಕೇಳಿಲ್ಲ.

ಮೊನ್ನೆ ಭಾನುವಾರ ಒಂದು ಘಟನೆ ನಡೆಯಿತು. ಎಂದಿನಂತೆ ಚರ್ಚಿನಲ್ಲಿ ಮೊದಲನೆಯ ವಾಚನ ನಾನೇ ಓದಿದೆ. ಆಮೇಲೆ ಗುರುಗಳು ಶುಭಸಂದೇಶ ಓದಿದರು. ಕಾಣಿಕೆ ತೆಗೆದುಕೊಂಡು ಪೀಠದ ಹತ್ತಿರ ಬಂದಾಗ, ಸೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಸರಿಮಾಡಿಕೋ ಎನ್ನುವ ಭಾಗ. ನೂರು ಸಲ ಕೇಳಿದ್ದೇನೆ. ಅವತ್ತು ರೊಟ್ಟಿ ದ್ರಾಕ್ಷಾರಸದ ತಟ್ಟೆಯನ್ನು ಪೀಠಕ್ಕೆ ಒಯ್ಯುವ ಸರದಿಯೂ ನನ್ನದಾಗಿತ್ತು. ಅರ್ಧ ದಾರಿ ನಡೆದೆ. ತಟ್ಟೆಯನ್ನು ಬೆಂಚಿನ ಮೇಲಿಟ್ಟು ಹೊರಗೆ ಬಂದುಬಿಟ್ಟೆ. ತಲೆಸುತ್ತು ಬಂದಿದೆ ಅಂದುಕೊಂಡು ಯಾರೋ ನೀರು ತಂದುಕೊಟ್ಟರು. ಕುಡಿದೆ. ಹೌದು, ತಲೆಸುತ್ತು ಅಂದೆ.

ಇದಕ್ಕಿಂತ ಹೆಚ್ಚು ಇವತ್ತು ಬರೆಯಲಾರೆ.

ನೀನಿಟ್ಟ ಹೆಸರಿನ,
ಪಾದ್ರಿ


ಜನವರಿ 25

ಮಾನ್ಯರೆ,

ನಿಮ್ಮ ಪತ್ರ ತಲುಪಿದೆ. ಅಪ್ಪ ಓದಿದರು. ಉತ್ತರ ಬರೆಯುವುದಿಲ್ಲ ಅಂದರು. ಅವರ ಬಲಗೈ ಮಣಿಕಟ್ಟಿನ ಮೇಲಿಂದ ಇಲ್ಲ ಎನ್ನುವುದು ನಿಮಗೆ ಮರೆತಿರಲಾರದು. ಎಡಗೈಯಲ್ಲಿ ಬರೆಯುವುದನ್ನು ಎರಡು ವರ್ಷದಿಂದ ನನ್ನ ಶಾಲೆಯ ಕಾಪಿ ಪುಸ್ತಕಗಳಲ್ಲಿ ಕಲಿಯುತ್ತಿದ್ದಾರೆ. ಅದನ್ನು ನಿಮಗಾಗಿ ಕಲಿತದ್ದಲ್ಲ.

ಒಂದೇ ಪ್ರಶ್ನೆ ಕೇಳಿದರು. "ರಿಟೈರ್ ಆದ ಮೇಲೆ ಬರೆದಿದ್ದಾನಾ, ಮೊದಲೇ ಬರೆದಿದ್ದಾನಾ?" ಆದ ಮೇಲೆ ಅಂದೆ. ಪತ್ರವನ್ನು ನನ್ನ ಕೈಗೆ ಕೊಟ್ಟು ಮಲಗಿದರು.

ದಯವಿಟ್ಟು ಮತ್ತೆ ಬರೆಯಬೇಡಿ.

ಇಂತಿ,
ಅವರ ಮಗಳು


ಫೆಬ್ರವರಿ 6

ಗಡಿಯಾರ,

ಬರೆಯಬೇಡಿ ಅಂದಿದ್ದಾಳೆ ನಿನ್ನ ಮಗಳು. ಆದರೆ ಈಗ ನಿಲ್ಲಿಸಿದರೆ ಹೋದ ಪತ್ರವೂ ಒಂದು ಸುಳ್ಳಾಗುತ್ತದೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನನ್ನ ಕೈಬರಹದಲ್ಲಿ ಅದು ನಿನ್ನ ಹತ್ತಿರ ಇರಲಿ.

ಆ ಮಂಗಳವಾರ ಒಂದು ಡ್ರೈಯರ್ ಕೆಟ್ಟಿತ್ತು. ಹಾಸುಬಟ್ಟೆಗಳು ಹಸಿಹಸಿಯಾಗಿ ರಾಶಿ ಬಿದ್ದಿದ್ದವು. ಆಪರೇಷನ್ ಥಿಯೇಟರಿನಿಂದ ಮೂರು ಸಲ ಫೋನು ಬಂತು. ರೋಲರ್ ಇಸ್ತ್ರಿಯ ಬಾಯಿಗೆ ಅಡ್ಡ ಇರುವ ತಡೆಪಟ್ಟಿ ಬೆರಳು ತಗುಲಿದರೆ ಯಂತ್ರ ನಿಲ್ಲಿಸಬೇಕಾದ್ದು. ಹಸಿ ಬಟ್ಟೆಯ ದಪ್ಪ ಮಡಿಕೆ ತಗುಲಿದರೂ ನಿಲ್ಲಿಸುತ್ತಿತ್ತು. ಪ್ರತಿ ಹಾಸುಬಟ್ಟೆಗೂ ನಿಂತಿತು. ನನಗೆ ರೇಗಿತು. ಪಟ್ಟಿಯನ್ನು ಮೇಲಕ್ಕೆತ್ತಿ ತಂತಿ ಸುತ್ತಿ ಕಟ್ಟಿದೆ. "ಬೇಡ ಪಾದ್ರಿ, ಇದು ಆಟದ ಸಾಮಾನಲ್ಲ" ಅಂದೆ ನೀನು. "ಊಟದ ಹೊತ್ತಿಗೆ ಬಿಚ್ತೀನಿ, ನೀನು ಬಟ್ಟೆ ಹಾಕು" ಅಂದೆ ನಾನು. ಊಟಕ್ಕೆ ಹದಿನೈದು ನಿಮಿಷ ಇತ್ತು.

ಹತ್ತು ದಿನ ಬಿಟ್ಟು ವಿಚಾರಣೆ. ನೀನು ವಾರ್ಡಿನಲ್ಲಿದ್ದೆ. ಮೇಜಿನ ಆ ಕಡೆ ಮೂವರು, ಪಕ್ಕದಲ್ಲಿ ಗುಮಾಸ್ತ. "ತಡೆಪಟ್ಟಿ ಕಟ್ಟಿದ್ದು ಯಾರು?" ಅಂತ ಮ್ಯಾನೇಜರು ಕೇಳಿದರು.

"ನನಗೆ ಗೊತ್ತಿಲ್ಲ ಸಾರ್. ಅವನೇ ಇರಬೇಕು. ನಮಾಜಿನ ಹೊತ್ತಾಗ್ತಿತ್ತು. ಅವನಿಗೆ ಯಾವಾಗಲೂ ಆತುರ."

ಬರೀ ಗೊತ್ತಿಲ್ಲ ಅಂದಿದ್ದರೆ ಅದು ಹೇಡಿಯ ಮಾತಾಗುತ್ತಿತ್ತು. ನಮಾಜಿನ ವಿಷಯ ಯಾರೂ ಕೇಳಿರಲಿಲ್ಲ. ನಾನಾಗಿ ಎಳೆದು ತಂದೆ. ಆ ಮೂವರು ಯಾವ ಮಾತನ್ನು ಥಟ್ಟನೆ ನಂಬುತ್ತಾರೆ ಅಂತ ನನಗೆ ಗೊತ್ತಿತ್ತು. ನಂಬಿದರು. ಗುಮಾಸ್ತ ಬರೆದುಕೊಂಡ. ಮರುವಾರ ಗೋಡೆಗೆ ಸುತ್ತೋಲೆ ಹಚ್ಚಿದರು, ಕೆಲಸದ ಹೊತ್ತಿನಲ್ಲಿ ಪ್ರಾರ್ಥನೆಗೆಂದು ಯಾರೂ ಜಾಗ ಬಿಡಕೂಡದು ಅಂತ. ಅದಕ್ಕೆ ಮೊಳೆ ಹೊಡೆದವನೂ ನಾನೇ.

ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದ ಪೇತ್ರನ ಕಥೆಯನ್ನು ನಿನಗೆ ಒಮ್ಮೆ ಹೇಳಿದ್ದೆ. "ಪಾಪ, ಹೆದರಿದ್ದ" ಅಂದಿದ್ದೆ ನೀನು. ಅವನು ಹೊರಗೆ ಹೋಗಿ ಅತ್ತ. ನಾನು ಹೊರಗೆ ಬಂದು ಡಬ್ಬಿ ಬಿಚ್ಚಿ ಊಟ ಮಾಡಿದೆ.

ಆ ಶನಿವಾರವೇ ಪಾಪನಿವೇದನೆಗೆ ಹೋದೆ. ಎಲ್ಲವನ್ನೂ ಹೇಳಿದೆ. "ಅವನ ಹೆಸರನ್ನ ಅವನಿಗೆ ವಾಪಸ್ ಕೊಡಿಸ್ತೀಯಾ?" ಅಂತ ಜಾಲರಿಯ ಆ ಕಡೆಯಿಂದ ಗುರುಗಳು ಕೇಳಿದರು. ಕೊಡಿಸ್ತೀನಿ ಸ್ವಾಮಿ ಅಂದೆ. ಕ್ಷಮೆಯ ಮಾತು ಹೇಳಿ ಕಳಿಸಿದರು. ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ. ಇದನ್ನೇ ನಿನಗೆ ಹೇಳಬೇಕಾದದ್ದು. ನಾಲ್ಕು ವರ್ಷ ನನಗೆ ಚೆನ್ನಾಗಿ ನಿದ್ದೆ ಬಂತು.

ಪಾದ್ರಿ


ಮಾರ್ಚ್ 3

ಪಾದ್ರಿ,

ಎಡಗೈ. ಅಕ್ಷರ ನೋಡಿ ನಗಬೇಡ. ಇದಕ್ಕೆ ಐದು ದಿನ ಹಿಡಿಯಿತು.

ನೀನು ಬರೆದದ್ದು ಸರಿ. ಒಂದು ತಪ್ಪಿದೆ. ಆಟದ ಸಾಮಾನಲ್ಲ ಅಂತ ನಾನು ಅನ್ನಲಿಲ್ಲ. "ನಿನ್ನಿಷ್ಟ" ಅಂದೆ. ನನ್ನನ್ನು ಒಳ್ಳೆಯವನನ್ನಾಗಿ ಮಾಡಬೇಡ.

ನಿನ್ನ ಗುರುಗಳು ಕ್ಷಮಿಸಿದರು. ನಮ್ಮಲ್ಲಿ ಹಾಗಿಲ್ಲ. ದೇವರಿಗೆ ಮಾಡಿದ್ದನ್ನು ದೇವರು ಬಿಡುತ್ತಾನೆ. ನನಗೆ ಮಾಡಿದ್ದನ್ನು ನಾನು ಬಿಡುವ ತನಕ ಅವನು ಬಿಡುವುದಿಲ್ಲ. ಚಿಕ್ಕಂದಿನಲ್ಲಿ ಕಲಿಸಿದ್ದು. ನೊಂದವನಿಗೆ ಎಷ್ಟೊಂದು ಮರ್ಯಾದೆ ಅನ್ನಿಸಿತ್ತು ಆಗ. ಈಗ ಹೊರೆ. ಕೈಯೂ ನಾನೇ ಕೊಟ್ಟೆ. ಇದನ್ನೂ ನಾನೇ ಕೊಡಬೇಕು.

ಕೈ ಹೋಯಿತು, ಹೋಗಲಿ. ಯಂತ್ರಕ್ಕೆ ಕಣ್ಣಿಲ್ಲ. ನಮಾಜಿನ ಮಾತು ಆಡಬಾರದಿತ್ತು ನೀನು. ಚಾಪೆಯ ಮೇಲೆ ನಿಂತಾಗಲೆಲ್ಲ ನಿನ್ನ ದನಿ ಕೇಳುತ್ತದೆ. ಯಾವಾಗಲೂ ಆತುರ. ಬೇಕೆಂದೇ ನಿಧಾನ ಮಾಡುತ್ತೇನೆ. ದೇವರಿಗೆ ತೋರಿಸಲಿಕ್ಕಲ್ಲ. ನಿನಗೆ. ಹಾಗೆ ಮಾಡಿದ ನಮಾಜು ಯಾರಿಗೆ ಸೇರುತ್ತದೆ ಹೇಳು.

ಆಫೀಸಿನಲ್ಲಿ ಬರೆದುಕೊಡು. ಲಾಂಡ್ರಿಯಲ್ಲಿ ನಿಂತು ಹೇಳು. ಆಮೇಲೆ ನೋಡೋಣ.

ನಾನು


ಮಾರ್ಚ್ 19

ಗಡಿಯಾರ,

ನಿನ್ನ ಅಕ್ಷರ ನೋಡಿ ನಗಲಿಲ್ಲ. ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.

ಬಸ್ ನಿಲ್ದಾಣದ ಹತ್ತಿರದ ಹಳೇ ಪುಸ್ತಕದಂಗಡಿಯಲ್ಲಿ ಕುರಾನಿನ ಕನ್ನಡ ಅನುವಾದ ಸಿಕ್ಕಿತು. ನನ್ನವಳು ನೋಡಿ, "ಕಾಲು ಆ ಕಡೆ ಚಾಚೋ ವಯಸ್ಸಲ್ಲಿ ಮತ ಬದಲಾಯಿಸ್ತೀರಾ?" ಅಂದಳು. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. ನನ್ನ ಗೆಳೆಯನ ಗ್ರಂಥ ಅಂದೆ. "ಮುಗಿದದ್ದನ್ನ ಈಗ್ಯಾಕೆ ಕೆದಕ್ತೀರಾ?" ಅಂದಳು. ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು, ಗಡಿಯಾರ. ಅವಳಿಗೂ ಒಳ್ಳೆಯ ನಿದ್ದೆ ಬರುತ್ತಿತ್ತು.

ನಮ್ಮ ಪ್ರಭುವಿನ ತಾಯಿಯ ಹೆಸರಿನ ಅಧ್ಯಾಯವೇ ಇದೆ ಅದರಲ್ಲಿ. ಹೆರಿಗೆ ನೋವಿನಲ್ಲಿ ಒಂಟಿಯಾಗಿ, ಇದಕ್ಕೆ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ. ನಮ್ಮ ಶುಭಸಂದೇಶದಲ್ಲಿ ಅವಳು ಹಾಗೆ ಬಾಯಿಬಿಟ್ಟು ನರಳುವುದಿಲ್ಲ. ಐವತ್ತು ವರ್ಷ ಜಪಸರ ತಿರುಗಿಸಿದ್ದೇನೆ, ಅವಳಿಗೆ ನೋವಾಗಿತ್ತು ಅಂತ ನಿಮ್ಮ ಗ್ರಂಥ ನನಗೆ ಹೇಳಬೇಕಾಯಿತು. ಡ್ರೈಯರಿನ ಹಿಂದೆ ಒಗೆದ ಹಾಸುಬಟ್ಟೆ ಹಾಸಿಕೊಂಡು ನೀನು ನಮಾಜಿಗೆ ನಿಲ್ಲುತ್ತಿದ್ದೆ. ಏನು ಹೇಳಿಕೊಳ್ಳುತ್ತೀಯ ಅಂತ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಕೇಳಲಿಲ್ಲ ನಾನು.

ಕ್ಷಮೆಯ ಬಗ್ಗೆ ಬಂದ ಜಾಗಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಕೇಡಿಗೆ ಅಷ್ಟೇ ಕೇಡು ನ್ಯಾಯ, ಆದರೆ ಕ್ಷಮಿಸಿದವನ ಪ್ರತಿಫಲ ದೇವರ ಹತ್ತಿರ ಇದೆ ಅಂತ ಒಂದು ಕಡೆ. ಕೋಪ ನುಂಗಿಕೊಂಡು ಜನರನ್ನು ಮನ್ನಿಸುವವರನ್ನು ದೇವರು ಮೆಚ್ಚುತ್ತಾನೆ ಅಂತ ಇನ್ನೊಂದು ಕಡೆ. ಒಟ್ಟು ಹನ್ನೊಂದು ಜಾಗ. ಬೇರೆ ಹಾಳೆಯಲ್ಲಿ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಓದು.

ಆಫೀಸಿನ ವಿಷಯ. ವಿಚಾರಣೆ ಮುಗಿದ ಮರುತಿಂಗಳೇ ಮ್ಯಾನೇಜರು ನನ್ನ ಮಗನನ್ನು ಬಾಯ್ಲರಿಗೆ ತೆಗೆದುಕೊಂಡರು. ಅವನು ಇನ್ನೂ ತಾತ್ಕಾಲಿಕ. ಜೂನ್‌ನಲ್ಲಿ ಕಾಯಂ ಮಾಡುವವರ ಪಟ್ಟಿ ಬರುತ್ತದೆ. ಅದು ಬಂದುಬಿಡಲಿ. ನಾಲ್ಕು ವರ್ಷ ಕಾದವರು ಮೂರು ತಿಂಗಳು ಕಾಯಲಾರೆವಾ?

ಪಾದ್ರಿ


ಏಪ್ರಿಲ್ 2

ಮಾನ್ಯರೆ,

ಚಿಕ್ಕವಳಿದ್ದಾಗ ನಿಮ್ಮನ್ನು ದೊಡ್ಡಪ್ಪ ಅನ್ನುತ್ತಿದ್ದೆ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ನಾನು ಗಣಿತದ ಟೀಚರ್. ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿಕೊಂಡು ಬಂದು ಲೆಕ್ಕ ಮಾಡುವ ಮಕ್ಕಳು ನನಗೆ ಗೊತ್ತು. ಉತ್ತರ ಸರಿ ಇರುತ್ತದೆ, ನಡುವಿನ ಸಾಲುಗಳೇ ಇರುವುದಿಲ್ಲ. ನಿಮ್ಮ ಹನ್ನೊಂದು ಜಾಗಗಳನ್ನು ನೋಡಿ ನನಗೆ ಅದೇ ನೆನಪಾಯಿತು.

ಆ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ನ್ಯಾಯಕ್ಕೆ ಗಟ್ಟಿಯಾಗಿ ನಿಲ್ಲಿ, ಸಾಕ್ಷಿ ಹೇಳಿ, ಅದು ನಿಮಗೇ ವಿರುದ್ಧವಾಗಿದ್ದರೂ, ನಿಮ್ಮ ಹೆತ್ತವರಿಗೆ, ನಿಮ್ಮ ನೆಂಟರಿಗೆ ವಿರುದ್ಧವಾಗಿದ್ದರೂ ಅಂತ. ನಿಮ್ಮ ಪೆನ್ಸಿಲು ಆ ಪುಟಕ್ಕೆ ಹೋಗಲಿಲ್ಲವೇ?

ಆ ಹಾಳೆ ಓದಿದ ಮೇಲೆ ಅಪ್ಪ ಎರಡು ದಿನ ನಮಾಜಿಗೆ ನಿಲ್ಲಲಿಲ್ಲ. ಮೈ ಹುಷಾರಿಲ್ಲವಾ ಅಂತ ಕೇಳಿದೆ. "ಅವನು ಅದರೊಳಗೂ ಬಂದು ಕೂತ್ಕೊಂಡ" ಅಂದರು. ನಾನು ಹುಟ್ಟಿದಾಗಿನಿಂದ ಅವರು ನಮಾಜು ಬಿಟ್ಟದ್ದನ್ನು ನೋಡಿರಲಿಲ್ಲ. ಕೈ ಕತ್ತರಿಸಿದ ಮರುದಿನ ಹಾಸಿಗೆಯಲ್ಲೇ, ಕಣ್ಣಿನಲ್ಲೇ ಮಾಡಿದ್ದರು.

ನಿಮ್ಮ ಜೂನ್ ನಿಮಗೆ ಬೇಗ ಬರಲಿ.

ಅವರ ಮಗಳು


ಜೂನ್ 30

ಗಡಿಯಾರ,

ಮೂರು ತಿಂಗಳು ಬರೆಯಲಿಲ್ಲ. ಮಾಡದೆ ಬರೆಯಬಾರದು ಅಂದುಕೊಂಡೆ. ಮಾಡಿದ ಮೇಲೂ ಬರೆಯಲಾಗಲಿಲ್ಲ.

ನಿನ್ನ ಮಗಳು ಹೇಳಿದ ಪುಟ ತೆಗೆದು ನೋಡಿದೆ. ಎದುರು ಪುಟದಲ್ಲಿ ನನ್ನ ಪೆನ್ಸಿಲಿನ ಗೆರೆ ಇತ್ತು. ಅಂದರೆ ಅದನ್ನು ಓದಿದ್ದೆ. ಓದಿ ದಾಟಿದ್ದೆ.

ಗುರುಗಳ ಹತ್ತಿರ ಹೋದೆ. ಅವರೇ, ನಾಲ್ಕು ವರ್ಷದ ಹಿಂದೆ ಕ್ಷಮೆ ಕೊಟ್ಟವರೇ. ಅವರ ಕೋಣೆಯಲ್ಲಿ ಎದುರು ಕೂತು ಮತ್ತೆ ಮೊದಲಿಂದ ಹೇಳಿದೆ. "ದೇವರು ಕ್ಷಮಿಸಿದ ಅಂತೀರಲ್ಲ ಫಾದರ್, ಕೈ ಹೋದದ್ದು ದೇವರದ್ದಲ್ಲವಲ್ಲ" ಅಂದೆ. "ಅವನ ಕೈಗೂ ಮೊಳೆ ಹೊಡೆದಿದ್ರು, ಮರೆತ್ಯಾ?" ಅಂದರು. "ಕ್ಷಮೆ ಅನ್ನೋದು ಜೇಬಲ್ಲಿಟ್ಕೊಂಡು ಓಡಾಡೋ ಚೀಟಿ ಅಲ್ಲಪ್ಪ. ಕೊಡಿಸ್ತೀನಿ ಅಂದಿದ್ದೆ ತಾನೆ? ಕೊಡಿಸಿದ್ಯಾ?" ಅಂತ ಕೇಳಿದರು. ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಾದರೂ ನುಸುಳಲು ಸಂದು ಸಿಕ್ಕೀತು ಅಂತ ಎರಡು ಗ್ರಂಥಗಳನ್ನು ತಡಕಿದವನು ನಾನು. ಎರಡೂ ನನ್ನನ್ನು ಅದೇ ಆಫೀಸಿನ ಬಾಗಿಲಿಗೆ ಕಳಿಸಿದವು.

ಮೇ ಹನ್ನೊಂದಕ್ಕೆ ಬರೆದುಕೊಟ್ಟೆ. ಪಟ್ಟಿ ಕಟ್ಟಿದವನು ನಾನು, ಸುಳ್ಳು ಹೇಳಿದವನು ನಾನು, ಅವನ ಪ್ರಾರ್ಥನೆಗೂ ಆ ಅಪಘಾತಕ್ಕೂ ಸಂಬಂಧವಿಲ್ಲ ಅಂತ. ಮ್ಯಾನೇಜರು ಎರಡು ಸಲ ಓದಿದರು. "ಸತ್ತ ಫೈಲನ್ನ ಯಾಕ್ರೀ ಎಬ್ಬಿಸ್ತೀರಾ? ಮಗ ಇಲ್ಲೇ ಇದಾನೆ, ನೆನಪಿದೆ ತಾನೆ?" ಅಂದರು. ನೆನಪಿದೆ ಅಂದೆ. ಮುದ್ರೆ ಹಾಕಿಸಿ ಪ್ರತಿ ಕೊಟ್ಟರು. ಒಂದು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ವಿಚಾರಣೆ ಮುಗಿದಿದೆ, ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗಿದೆ.

ಲಾಂಡ್ರಿಯಲ್ಲೂ ಹೇಳಿದೆ. ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತಿಗೆ ಹೋದೆ. ಆ ರೋಲರ್ ಈಗಿಲ್ಲ. ಹೊಸದು ಬಂದಿದೆ, ತಾನೇ ಒಣಗಿಸಿ ತಾನೇ ಮಡಿಸುತ್ತದೆ. ಅದನ್ನು ನಿಲ್ಲಿಸಲು ಯಾರೂ ಒಪ್ಪಲಿಲ್ಲ. ಅದರ ಸದ್ದಿನಲ್ಲೇ ಓದಿದೆ. ಹದಿನಾಲ್ಕು ಜನ ಇದ್ದರು. ನಿನ್ನನ್ನು ಕಂಡವರು ಇಬ್ಬರು. ಉಳಿದವರು ಚೀಲ ಹೆಗಲಿಗೇರಿಸಿಕೊಂಡು, ಮುದುಕ ಮುಗಿಸಲಿ ಅಂತ ಮರ್ಯಾದೆಗೆ ನಿಂತಿದ್ದರು.

ಮುಗಿಸಿ ಹಾಳೆ ಮಡಿಸುತ್ತಿದ್ದೆ. ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು ಪಕ್ಕದವನನ್ನು ಕೇಳಿದಳು.

"ಯಾರ ವಿಷಯ ಅಣ್ಣ ಇದು?"

ಅವನು ನಮ್ಮ ಹಳೇ ಡ್ರೈಯರಿನವನು. ನಿನ್ನ ಜೊತೆ ಹನ್ನೆರಡು ವರ್ಷ ಊಟ ಮಾಡಿದವನು. ನಾನು ಓದಿದ್ದನ್ನು ಆಗಷ್ಟೇ ಕೇಳಿದವನು.

"ಅವನೇ ಕಣಮ್ಮ, ನಮಾಜಿಗೆ ಆತುರ ಮಾಡಿ ಕೈ ಕಳ್ಕೊಂಡನಲ್ಲ, ಅವನು."

ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಗಡಿಯಾರ. ಗುರುತು ಹೇಳಿದ, ಅಷ್ಟೇ. ನಾನು ಬಾಯಿ ತೆರೆದೆ. ಯಂತ್ರದ ಸದ್ದಿತ್ತು. ಅವರೆಲ್ಲ ಹೊರಟಾಗಿತ್ತು. ಸುತ್ತೋಲೆ ಇನ್ನೂ ಗೋಡೆಯ ಮೇಲಿದೆ. ಕಿತ್ತು ಹಾಕಲು ಹೋದೆ, ಕಾವಲಿನವನು ಕೈ ಹಿಡಿದು ಹೊರಗೆ ಬಿಟ್ಟ.

ಕಾಯಂ ಆದವರ ಪಟ್ಟಿ ಮೊನ್ನೆ ಬಂತು. ಮಗನ ಹೆಸರಿಲ್ಲ. "ನೀವು ಸ್ವರ್ಗ ಹತ್ತೋಕೆ ನಾನು ಏಣಿನಾ ಅಪ್ಪ?" ಅಂತ ಕೇಳಿದ. ಎರಡು ಮಕ್ಕಳ ತಂದೆ ಅವನು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ಮನೆ ಹಿಡಿದಿದ್ದಾನೆ. ನನ್ನವಳು ಬೆಳಿಗ್ಗೆ ಅಲ್ಲಿಗೆ ಹೋದರೆ ಸಂಜೆ ಬರುತ್ತಾಳೆ. ಬಂದು ನನಗೆ ಬಡಿಸುತ್ತಾಳೆ. ಮಾತಾಡುವುದಿಲ್ಲ.

ನೀನು ಹೇಳಿದ ಎರಡನ್ನೂ ಮಾಡಿದೆ. ಹೆಸರು ಕೊಡಿಸಲಿಕ್ಕೆ ಆಗಲಿಲ್ಲ. ಸುಳ್ಳು ನನ್ನ ಬಾಯಿಂದ ಹೊರಟು ದೊಡ್ಡದಾಗಿ ಬೆಳೆದುಬಿಟ್ಟಿದೆ. ಈಗ ನಾನು ಕರೆದರೂ ಅದು ತಿರುಗಿ ನೋಡುವುದಿಲ್ಲ.

ಪಾದ್ರಿ


ಜುಲೈ 15

ದೊಡ್ಡಪ್ಪನವರಿಗೆ,

ಅಪ್ಪ ನಿಮ್ಮ ಪತ್ರವನ್ನು ಮೂರು ದಿನ ಓದಿದರು. ಡ್ರೈಯರಿನವರು ಆಡಿದ ಮಾತಿನ ಹತ್ತಿರ ಬಂದಾಗಲೆಲ್ಲ ಕನ್ನಡಕ ತೆಗೆದಿಡುತ್ತಿದ್ದರು.

ನೀವು ಮನೆಗೆ ಬರಬಹುದಂತೆ. "ಭಾನುವಾರ ಅವನಿಗೆ ಪೂಜೆ ತಪ್ಪತ್ತೆ, ಶನಿವಾರ ಬಾ ಅಂತ ಬರಿ" ಅಂದರು. ನಮ್ಮ ಮನೆ ಬಸ್ ನಿಲ್ದಾಣದಿಂದ ಎರಡನೇ ಬೀದಿ, ಟೈಲರ್ ಅಂಗಡಿಯ ಮೇಲಿನ ಮಹಡಿ. ಶನಿವಾರ ನನಗೆ ಮಧ್ಯಾಹ್ನದ ತನಕ ಶಾಲೆ. ನಾನು ಬರುವ ತನಕ ಇರಿ.

ಏನಾಗುತ್ತದೋ ಗೊತ್ತಿಲ್ಲ. ಜಾಸ್ತಿ ಆಸೆ ಇಟ್ಟುಕೊಂಡು ಬರಬೇಡಿ.

ನಿಮ್ಮ,
ಮಗಳು


ಆಗಸ್ಟ್ 4

ಮಗಳೇ,

ನೀನು ಬರುವ ತನಕ ಇರಲಾಗಲಿಲ್ಲ. ಅಪ್ಪ ಏನೂ ಹೇಳಿರಲಾರ. ಅದಕ್ಕೆ ಬರೆಯುತ್ತಿದ್ದೇನೆ.

ಬಾಗಿಲು ಅವನೇ ತೆಗೆದ. ನಾನು ಅಭ್ಯಾಸಬಲದಿಂದ ಬಲಗೈ ಚಾಚಿದೆ. ಚಾಚಿದ್ದು ಗೊತ್ತಾಗಿ ಹಿಂದಕ್ಕೆ ತೆಗೆದುಕೊಂಡೆ. ಅದನ್ನು ಅವನು ನೋಡಿದ. "ಒಳಗೆ ಬಾ. ಮೆಟ್ಟಿಲು ಜಾಸ್ತಿ, ಉಸಿರು ಹತ್ತಿದೆ ನಿನಗೆ" ಅಂದ. ಕಿಟಕಿ ಪಕ್ಕದ ಮರದ ಕುರ್ಚಿ ತೋರಿಸಿದ. ಕೂತೆ. ಕೆಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಏನು ಮಾತಾಡಿದೆವು ಅಂತ ಕೇಳಿದರೆ, ಬಸ್ಸಿನ ವಿಷಯ. ಎಷ್ಟು ಹೊತ್ತು ಹಿಡಿಯಿತು, ಕೂರಲು ಜಾಗ ಸಿಕ್ಕಿತಾ.

ಆಮೇಲೆ ಅವನೇ ಶುರುಮಾಡಿದ.

"ಬೆಳಿಗ್ಗೆಯಿಂದ ಅಭ್ಯಾಸ ಮಾಡ್ಕೊಂಡಿದ್ದೆ ಕಣೋ. ನೀನು ಒಳಗೆ ಬಂದ ತಕ್ಷಣ ಬಿಟ್ಟಿದೀನಿ ಅಂತ ಹೇಳಿಬಿಡೋಣ ಅಂತ. ಒಂದೇ ಮಾತು. ನಿನ್ನ ಮುಖ ನೋಡಿದೆ, ಹೊರಟೋಯ್ತು."

"ಹೇಳೋದು ಬೇಡ ಬಿಡು" ಅಂದೆ.

"ಬೇಡ ಅನ್ನೋಕೆ ನೀನ್ಯಾರು?" ಅಂದ. ಸಿಟ್ಟಿನಿಂದಲ್ಲ. ನಿಜವಾಗಿ ಕೇಳಿದ.

ನಮಾಜಿನ ಹೊತ್ತಾಯಿತು. ಎದ್ದು ಬಚ್ಚಲಿಗೆ ಹೋದ. ನಲ್ಲಿ ತಿರುಗಿಸಿದ, ನೀರಿರಲಿಲ್ಲ. ಬಕೆಟ್ಟು, ಚೊಂಬು ಇದ್ದವು. ಚೊಂಬು ಹಿಡಿದ ಕೈಯನ್ನೇ ತೊಳೆಯುವುದು ಹೇಗೆ? ನಲ್ಲಿಯಲ್ಲಿ ನೀರಿಲ್ಲದಾಗ ನೀನು ಹೊಯ್ಯುತ್ತೀಯಂತೆ. ಅವನು ನನ್ನನ್ನು ಕರೆಯಲಿಲ್ಲ. ಬಚ್ಚಲ ಬಾಗಿಲಲ್ಲಿ ಚೊಂಬು ನೋಡುತ್ತ ನಿಂತಿದ್ದ. ನಾನು ಹೋಗಿ ಎತ್ತಿಕೊಂಡೆ.

ಎಡಗೈ ಮೇಲೆ ಹೊಯ್ದೆ. ಬಾಯಿ ಮುಕ್ಕಳಿಸಿದ, ಮುಖ ತೊಳೆದುಕೊಂಡ. ಆಮೇಲೆ ಬಲದ ತೋಳಿನ ಅಂಗಿ ಮೇಲಕ್ಕೆ ಸರಿಸಿ ಮುಂದೆ ಹಿಡಿದ. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿರಲಿಲ್ಲ, ಮಗಳೇ. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿದ್ದರು. ಆಮೇಲೆ ನಾನು ನೋಡಲು ಹೋಗಲೇ ಇಲ್ಲ. ಮೂರು ಸಲ ಹೊಯ್ಯಬೇಕಂತೆ. ಎರಡನೇ ಸಲ ನೀರು ಅವನ ಪಂಚೆಯ ಮೇಲೆ ಚೆಲ್ಲಿತು. "ಸರಿಯಾಗಿ ಹೊಯ್ಯಿ" ಅಂದ. ಹೊಯ್ದೆ. ಕಾಲಿಗೂ ಹೊಯ್ದೆ.

ಅವನು ಒಳಗೆ ನಿಂತ. ನಾನು ಕಿಟಕಿ ಪಕ್ಕ ಕೂತು ಅವನ ಪಿಸುದನಿ ಕೇಳಿಸಿಕೊಂಡೆ. ಇಪ್ಪತ್ತೆರಡು ವರ್ಷ ಡ್ರೈಯರಿನ ಸದ್ದಿನಲ್ಲಿ ಮುಳುಗಿಹೋಗಿದ್ದದ್ದು. ಭಾಷೆ ತಿಳಿಯಲಿಲ್ಲ. ಒಂದು ಮಾತ್ರ ಗೊತ್ತಾಯಿತು: ಅವನು ಬಹಳ ನಿಧಾನ ಮಾಡುತ್ತಿದ್ದ. ನಡುನಡುವೆ ನಿಲ್ಲಿಸಿ ಮತ್ತೆ ಮೊದಲಿಂದ ಶುರುಮಾಡುತ್ತಿದ್ದ. ನಾನು ಅಲ್ಲಿ ಕೂತಿರುವುದರಿಂದ ಹಾಗಾಗುತ್ತಿದೆ ಅಂತ ಹೊಳೆಯಿತು. ಸದ್ದು ಮಾಡದೆ ಮೆಟ್ಟಿಲಿಗೆ ಬಂದು ಕೂತೆ.

ಮುಗಿಸಿ ಬಂದು ಮೇಲಿನ ಮೆಟ್ಟಿಲ ಮೇಲೆ ನಿಂತ. ಕಣ್ಣು ಕೆಂಪಗಿತ್ತು.

"ಇಲ್ಲ ಕಣೋ. ಬರ್ತಿಲ್ಲ. ಹೊರಡು, ಬಸ್ಸು ತಪ್ಪತ್ತೆ."

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಹೊರಟೆ.

ಈಗ ಭಾನುವಾರ ಪೂಜೆಗೆ ಹೋಗುತ್ತೇನೆ, ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ವಾಚನ ಓದುವುದಿಲ್ಲ. ಪ್ರಸಾದಕ್ಕೂ ಏಳುವುದಿಲ್ಲ. "ನೀನು ಮಾಡಬೇಕಾದ್ದು ಮಾಡಿದೀಯ, ಬಾ" ಅನ್ನುತ್ತಾರೆ ಗುರುಗಳು. ಅವರು ಹೇಳುವುದು ನಮ್ಮ ಧರ್ಮದಲ್ಲಿ ಸರಿಯೇ. ನನ್ನ ಕಾಲು ಏಳುವುದಿಲ್ಲ. ದೇವರು ನನ್ನನ್ನು ಬಿಟ್ಟಿದ್ದಾನೋ ಇಲ್ಲವೋ, ಮೊದಲಿನ ಹಾಗೆ ಈಗ ನನಗೆ ತಿಳಿಯುವುದಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ಕಡೆ ಯಾರೂ ಇದ್ದಂತೆ ಅನ್ನಿಸುವುದಿಲ್ಲ. ಖಾಲಿ ಮನೆಯಲ್ಲಿ ಫೋನು ಹೊಡೆದುಕೊಂಡ ಹಾಗೆ.

ಅಪ್ಪನನ್ನು ನೋಡಿಕೋ.

ನಿನ್ನ,
ದೊಡ್ಡಪ್ಪ


ಆಗಸ್ಟ್ 21

ಪಾದ್ರಿ,

ಮಗಳು ನಿನ್ನ ಪತ್ರ ತೋರಿಸಿದಳು. ಓದಿ ಅಡುಗೆಮನೆಗೆ ಹೋಗಿ ಅತ್ತಳು. ನನಗೆ ಅಳು ಬರಲಿಲ್ಲ.

ನಿನ್ನ ಮಗನ ಕೆಲಸದ ಸುದ್ದಿ ಕೇಳಿದರೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ನೀನು ಮನೆಯವರಿಲ್ಲದೆ ಕೂತಿದ್ದೀಯ ಅಂದರೆ ಹಗುರವಾಗುತ್ತದೆ ಅಂದುಕೊಂಡೆ. ಅದೂ ಇಲ್ಲ. ನಿನಗೆ ಏನಾದರೆ ನನಗೆ ಸಾಕಾಗುತ್ತದೆ ಅಂತ ಹುಡುಕಿದೆ. ಸಿಗಲಿಲ್ಲ.

ದಿನಾ ಹೇಳಿ ನೋಡುತ್ತೇನೆ. ಬಾಯಲ್ಲಿ ಹೇಳುವುದು ಕಷ್ಟವಲ್ಲ. ಮೊನ್ನೆ ಗೋಡೆಗೆ ಹೇಳಿದೆ, ಬಿಟ್ಟಿದ್ದೇನೆ ಅಂತ. ಸುಳ್ಳು ಅಂತ ನನ್ನ ಕಿವಿಗೇ ಗೊತ್ತಾಯಿತು. ಹಾಗೆ ಹೇಳಿ ನಿನ್ನನ್ನು ಕಳಿಸಿದರೆ ನಾನೂ ಸುಳ್ಳು ಸಾಕ್ಷಿಯವನೇ.

ಹೇಳದೆ ಸತ್ತರೆ ಕೊನೆಯ ತೀರ್ಪಿನ ದಿನ ಇಬ್ಬರನ್ನೂ ಎದುರುಬದುರು ನಿಲ್ಲಿಸುತ್ತಾರಂತೆ. ನಿನ್ನ ಪುಣ್ಯವನ್ನೆಲ್ಲ ತೆಗೆದು ನನಗೆ ಕೊಡುತ್ತಾರಂತೆ. ನಿನ್ನ ಜಪ, ನಿನ್ನ ಭಾನುವಾರ. ಅವು ನನಗೆ ಯಾತಕ್ಕೆ. ನೀನು ಏನೂ ಇಲ್ಲದೆ ಅಲ್ಲಿ ನಿಂತಿರುವುದನ್ನು ನಾನು ನೋಡಬೇಕು. ಅದನ್ನು ನೆನೆದರೆ ಹೆದರಿಕೆಯಾಗುತ್ತದೆ. ಆದರೂ ಬರುವುದಿಲ್ಲ ಆ ಮಾತು.

ಇನ್ನು ಬರಬೇಡ. ಬರೆಯಬೇಡ. ನೀನು ಬಂದರೆ ಹತ್ತಿರ ಬಂದದ್ದು ದೂರ ಹೋಗುತ್ತದೆ. ನಾನು ಒಬ್ಬನೇ ನೋಡುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಔಷಧಿ ಬಿಡಬೇಡ. ನಾನು ಹೇಳುವುದಕ್ಕೆ ಮೊದಲು ಸಾಯಬೇಡ.

ನಾನು